ರೆಡ್ ಹಾಟ್ ರೈಡಿಂಗ್ ಹುಡ್

ರೆಡ್ ಹಾಟ್ ರೈಡಿಂಗ್ ಹುಡ್ ಎಂಬುದು ೧೯೪೩ರ ಮೇ ೮ರಂದು ಬಿಡುಗಡೆಯಾದ ಅಮೆರಿಕದ ಹಾಸ್ಯಪ್ರಧಾನ ಆನಿಮೇಷನ್ ಕಿರುಚಿತ್ರ. ಮೆಟ್ರೊ-ಗೋಲ್ಡ್‌ವಿನ್-ಮೇಯರ್ (ಎಂಜಿಎಂ) ಸಂಸ್ಥೆಯ ವ್ಯಂಗ್ಯಚಿತ್ರ ವಿಭಾಗವು ತಯಾರಿಸಿದ ಈ ಚಿತ್ರವನ್ನು ಟೆಕ್ಸ್ ಏವರಿ ನಿರ್ದೇಶಿಸಿದ್ದಾರೆ. ಕಥೆ ರಿಚ್ ಹೋಗನ್ ಅವರದು, ಸಂಗೀತ ಸ್ಕಾಟ್ ಬ್ರಾಡ್ಲಿ ಅವರದು. ಟೆಕ್ನಿಕಲರ್ ವರ್ಣದಲ್ಲಿರುವ ಚಿತ್ರದ ಅವಧಿ ಸುಮಾರು ಏಳು ನಿಮಿಷ. ಯುರೋಪಿನ ಜನಪ್ರಿಯ ಕಿನ್ನರಕಥೆಯಾದ ಲಿಟಲ್ ರೆಡ್ ರೈಡಿಂಗ್ ಹುಡ್, ಅಂದರೆ ಕೆಂಪು ಟೋಪಿಯ ಹುಡುಗಿಯ ಕಥೆಯನ್ನು ಇದು ಅಣಕಿಸುತ್ತದೆ. ಕಾಡಿನ ಕಥೆಯನ್ನು ಎರಡನೆಯ ಮಹಾಯುದ್ಧದ ಕಾಲದ ಹಾಲಿವುಡ್ ನಗರಕ್ಕೆ ತಂದು, ತೋಳನನ್ನು ಹೆಣ್ಣುಗಳ ಹಿಂದೆ ಅಲೆಯುವ ಶ್ರೀಮಂತ ಶೋಕಿಲಾಲನನ್ನಾಗಿಯೂ ಹುಡುಗಿಯನ್ನು ನೈಟ್‌ಕ್ಲಬ್ಬಿನ ಗಾಯಕಿಯನ್ನಾಗಿಯೂ ಅಜ್ಜಿಯನ್ನು ಗಂಡಸರನ್ನು ಅಟ್ಟಿಸಿಕೊಂಡು ಹೋಗುವ ವಿಲಾಸಿನಿಯನ್ನಾಗಿಯೂ ಮಾರ್ಪಡಿಸಿರುವುದು ಇದರ ಮುಖ್ಯ ತಂತ್ರ. ೧೯೯೪ರಲ್ಲಿ ಜೆರಿ ಬೆಕ್ ಸಂಪಾದಿಸಿದ ಐವತ್ತು ಶ್ರೇಷ್ಠ ವ್ಯಂಗ್ಯಚಿತ್ರಗಳ ಗ್ರಂಥಕ್ಕಾಗಿ ಆನಿಮೇಷನ್ ಕ್ಷೇತ್ರದವರು ನೀಡಿದ ಮತಗಳಲ್ಲಿ ಈ ಚಿತ್ರಕ್ಕೆ ೭ನೆಯ ಸ್ಥಾನ ದೊರೆಯಿತು.

ಶೀರ್ಷಿಕೆ

ಚಿತ್ರದ ಹಾಸ್ಯದ ಬಹುಭಾಗ ಒಂದು ಪದದ ಎರಡು ಅರ್ಥಗಳ ಮೇಲೆ ನಿಂತಿದೆ. ಆ ಕಾಲದ ಅಮೆರಿಕನ್ ಆಡುಮಾತಿನಲ್ಲಿ ‘ವುಲ್ಫ್’ ಎಂದರೆ ಕಾಡಿನ ತೋಳ ಮಾತ್ರವಲ್ಲ, ಹೆಂಗಸರನ್ನು ಬೆನ್ನಟ್ಟುವ ಗಂಡಸು ಕೂಡ. ಬೀದಿಯಲ್ಲಿ ಹೋಗುವ ಹೆಣ್ಣನ್ನು ನೋಡಿ ಹಾಕುವ ಶಿಳ್ಳೆಗೆ ‘ವುಲ್ಫ್ ವಿಸಲ್’ ಎಂಬ ಹೆಸರಿದೆ. ಏವರಿ ಈ ನುಡಿಗಟ್ಟನ್ನು ಅಕ್ಷರಶಃ ತೆಗೆದುಕೊಂಡು, ಆಡುಮಾತಿನ ತೋಳನಿಗೆ ನಿಜವಾದ ತೋಳನ ಮುಖವನ್ನು ಇಟ್ಟರು. ‘ರೆಡ್ ಹಾಟ್’ ಎಂಬುದಕ್ಕೂ ಕೆಂಡದಂತೆ ಕಾದದ್ದು ಎಂಬ ಅರ್ಥದ ಜೊತೆಗೆ ಮಾದಕವಾದದ್ದು ಎಂಬ ಧ್ವನಿಯಿದೆ. ಶೀರ್ಷಿಕೆಯನ್ನು ಕನ್ನಡಕ್ಕೆ ಅನುವಾದಿಸಿದರೆ ಈ ಶ್ಲೇಷೆ ಉಳಿಯುವುದಿಲ್ಲ.

ಹಿನ್ನೆಲೆ

ಕೆಂಪು ಟೋಪಿಯ ಹುಡುಗಿಯ ಕಥೆಯ ಎರಡು ಲಿಖಿತ ರೂಪಗಳು ಪ್ರಸಿದ್ಧವಾಗಿವೆ. ಫ್ರಾನ್ಸಿನ ಷಾರ್ಲ್ ಪೆರೋ ೧೬೯೭ರಲ್ಲಿ ಪ್ರಕಟಿಸಿದ ರೂಪದಲ್ಲಿ ತೋಳ ಅಜ್ಜಿಯನ್ನೂ ಹುಡುಗಿಯನ್ನೂ ತಿಂದುಬಿಡುವುದರೊಂದಿಗೆ ಕಥೆ ಮುಗಿಯುತ್ತದೆ. ಜರ್ಮನಿಯ ಗ್ರಿಮ್ ಸಹೋದರರು ೧೮೧೨ರಲ್ಲಿ ಪ್ರಕಟಿಸಿದ ರೂಪದಲ್ಲಿ ಬೇಟೆಗಾರನೊಬ್ಬ ಬಂದು ತೋಳನ ಹೊಟ್ಟೆಯನ್ನು ಕತ್ತರಿಸಿ ಇಬ್ಬರನ್ನೂ ಉಳಿಸುತ್ತಾನೆ. ಪೆರೋ ತನ್ನ ಕಥೆಗೆ ಒಂದು ನೀತಿಪದ್ಯವನ್ನು ಸೇರಿಸಿದ್ದಾನೆ. ಮೃದುವಾಗಿ, ಸಭ್ಯವಾಗಿ ಮಾತನಾಡುತ್ತ ಯುವತಿಯರನ್ನು ಮನೆಯವರೆಗೂ ಹಿಂಬಾಲಿಸುವ ತೋಳಗಳೇ ಎಲ್ಲಕ್ಕಿಂತ ಅಪಾಯಕಾರಿ ಎಂಬುದು ಅದರ ತಾತ್ಪರ್ಯ. ಆದ್ದರಿಂದ ತೋಳನನ್ನು ಸೂಟು ತೊಟ್ಟ ರಸಿಕನನ್ನಾಗಿ ಮಾಡಿದ ಏವರಿಯವರ ಅಣಕ, ಮೇಲ್ನೋಟಕ್ಕೆ ಕಾಣುವಷ್ಟು ಮೂಲದಿಂದ ದೂರ ಸರಿದದ್ದಲ್ಲ. ಮಕ್ಕಳಿಗಾಗಿ ಹದಗೊಳಿಸಿದ ರೂಪಗಳು ಮರೆಮಾಡಿದ್ದ ಅರ್ಥವೇ ಇಲ್ಲಿ ನಗೆಯ ದಾರಿಯಿಂದ ಮರಳಿ ಬಂದಿದೆ.

೧೯೩೦ರ ದಶಕದಲ್ಲಿ ಅಮೆರಿಕದ ಆನಿಮೇಷನ್ ಸ್ಟುಡಿಯೊಗಳಿಗೆ ಕಿನ್ನರಕಥೆಗಳು ಸುಲಭವಾಗಿ ಸಿಗುವ ಕಚ್ಚಾವಸ್ತುವಾಗಿದ್ದವು. ವಾಲ್ಟ್ ಡಿಸ್ನಿ ಸಂಸ್ಥೆಯ ತ್ರೀ ಲಿಟಲ್ ಪಿಗ್ಸ್ (೧೯೩೩) ಭಾರಿ ಯಶಸ್ಸು ಗಳಿಸಿತು. ಮರುವರ್ಷ ಅದೇ ಸಂಸ್ಥೆಯ ದಿ ಬಿಗ್ ಬ್ಯಾಡ್ ವುಲ್ಫ್ ಚಿತ್ರದಲ್ಲಿ ಕೆಂಪು ಟೋಪಿಯ ಹುಡುಗಿಯೂ ಕಾಣಿಸಿಕೊಂಡಳು. ೧೯೩೭ರ ಸ್ನೋವೈಟ್ ಆ್ಯಂಡ್ ದಿ ಸೆವೆನ್ ಡ್ವಾರ್ಫ್ಸ್ ನಂತರ ಕಿನ್ನರಕಥೆ ಎಂದರೆ ಡಿಸ್ನಿಯ ಮೃದುವಾದ, ಭಾವಪೂರ್ಣವಾದ ಶೈಲಿ ಎಂಬ ಭಾವನೆ ಗಟ್ಟಿಯಾಯಿತು. ಏವರಿಯವರ ಅಣಕುಗಳಿಗೆ ಗುರಿಯಾದದ್ದು ಹಳೆಯ ಕಥೆಗಳಿಗಿಂತ ಹೆಚ್ಚಾಗಿ ಈ ಹೊಸ ಶೈಲಿಯೇ.

ಟೆಕ್ಸಸ್ ರಾಜ್ಯದ ಟೇಲರ್ ಪಟ್ಟಣದಲ್ಲಿ ೧೯೦೮ರಲ್ಲಿ ಜನಿಸಿದ ಫ್ರೆಡರಿಕ್ ಬೀನ್ ಏವರಿ, ತವರು ರಾಜ್ಯದ ಹೆಸರಿನಿಂದಲೇ ‘ಟೆಕ್ಸ್’ ಎನಿಸಿಕೊಂಡರು. ವಾರ್ನರ್ ಬ್ರದರ್ಸ್‌ಗಾಗಿ ವ್ಯಂಗ್ಯಚಿತ್ರಗಳನ್ನು ತಯಾರಿಸುತ್ತಿದ್ದ ಲಿಯಾನ್ ಶ್ಲೆಸಿಂಗರ್ ಅವರ ಸ್ಟುಡಿಯೊದಲ್ಲಿದ್ದಾಗಲೇ ಅವರು ಈ ಜಾಡು ಹಿಡಿದಿದ್ದರು. ೧೯೩೭ರ ಲಿಟಲ್ ರೆಡ್ ವಾಕಿಂಗ್ ಹುಡ್ ಚಿತ್ರದಲ್ಲಿ ಕಥೆಗೆ ಸಂಬಂಧವೇ ಇಲ್ಲದ ಎಗ್‌ಹೆಡ್ ಎಂಬ ಪಾತ್ರ ಮತ್ತೆ ಮತ್ತೆ ಚೌಕಟ್ಟಿನೊಳಗೆ ಹಾದುಹೋಗಿ, ಕೊನೆಗೆ ತೋಳನ ತಲೆಗೆ ಬಡಿದು, ಈ ಚಿತ್ರದ ನಾಯಕ ತಾನೇ ಎಂದು ತಿಳಿಸುತ್ತದೆ. ೧೯೩೮ರಲ್ಲಿ ಸಿಂಡರೆಲ್ಲಾ ಕಥೆಯನ್ನು ಅಣಕಿಸುವ ಸಿಂಡರೆಲ್ಲಾ ಮೀಟ್ಸ್ ಫೆಲಾ ಬಂತು. ೧೯೪೦ರ ದಿ ಬೇರ್ಸ್ ಟೇಲ್ ಇನ್ನೂ ಮುಂದೆ ಹೋಗಿ ಗೋಲ್ಡಿಲಾಕ್ಸ್ ಮತ್ತು ಕೆಂಪು ಟೋಪಿಯ ಹುಡುಗಿಯ ಕಥೆಗಳನ್ನು ಒಂದಕ್ಕೊಂದು ಬೆರೆಸಿತು. ಅದರಲ್ಲಿ ಇಬ್ಬರು ಹುಡುಗಿಯರು ಟೆಲಿಫೋನಿನಲ್ಲಿ ಮಾತನಾಡುವಾಗ ಪರದೆ ಎರಡು ಭಾಗವಾಗಿರುತ್ತದೆ. ಒಬ್ಬಳು ನಡುವಿನ ಗೆರೆಯನ್ನು ದಾಟಿಸಿ ಇನ್ನೊಬ್ಬಳ ಕೈಗೆ ಚೀಟಿಯನ್ನೇ ಕೊಟ್ಟುಬಿಡುತ್ತಾಳೆ. ಬೇರೆ ಬೇರೆ ಸ್ಥಳಗಳಲ್ಲಿದ್ದಾರೆ ಎಂದು ನಂಬಿದ್ದ ಪ್ರೇಕ್ಷಕರಿಗೆ ತಾವು ನೋಡುತ್ತಿರುವುದು ಒಂದೇ ಹಾಳೆಯ ಮೇಲಿನ ಚಿತ್ರ ಎಂಬುದು ಆಗ ಹೊಳೆಯುತ್ತದೆ.

೧೯೪೧ರಲ್ಲಿ ಶ್ಲೆಸಿಂಗರ್ ಅವರೊಂದಿಗಿನ ಭಿನ್ನಾಭಿಪ್ರಾಯದ ನಂತರ ಏವರಿ ಎಂಜಿಎಂಗೆ ಬಂದರು. ಅಲ್ಲಿ ಬಿಡುಗಡೆಯಾದ ಅವರ ಮೊದಲ ಚಿತ್ರ ಬ್ಲಿಟ್ಜ್ ವುಲ್ಫ್ (೧೯೪೨). ಮೂರು ಹಂದಿಮರಿಗಳ ಕಥೆಯಲ್ಲಿ ತೋಳನ ಸ್ಥಾನಕ್ಕೆ ಹಿಟ್ಲರನನ್ನು ತಂದ ಈ ಚಿತ್ರ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ಮರುವರ್ಷ ಬಂದದ್ದು ರೆಡ್ ಹಾಟ್ ರೈಡಿಂಗ್ ಹುಡ್.

ಕಥಾಸಾರ

ಚಿತ್ರ ಅಡಗೂಲಜ್ಜಿ ಕಥೆಯ ಧಾಟಿಯಲ್ಲೇ ಆರಂಭವಾಗುತ್ತದೆ. ಮಕ್ಕಳನ್ನು ರಮಿಸುವ ದನಿಯಲ್ಲಿ ನಿರೂಪಕ ಕಥೆ ಹೇಳುತ್ತಿರುತ್ತಾನೆ. ಬುಟ್ಟಿ ಹಿಡಿದ ಪುಟ್ಟ ಹುಡುಗಿ ಕುಣಿಯುತ್ತ ಕಾಡಿನ ದಾರಿಯಲ್ಲಿ ಬರುತ್ತಾಳೆ. ತೋಳ ಮರದ ಹಿಂದೆ ಹೊಂಚು ಹಾಕಿರುತ್ತಾನೆ. ಅಜ್ಜಿ ಹಾಸಿಗೆಯಲ್ಲಿ ಮಲಗಿರುತ್ತಾಳೆ. ಇದ್ದಕ್ಕಿದ್ದಂತೆ ತೋಳ ನಟನೆಯನ್ನು ನಿಲ್ಲಿಸಿ ನಿರೂಪಕನ ಕಡೆಗೆ ತಿರುಗಿ ಜಗಳ ತೆಗೆಯುತ್ತಾನೆ. ಹಾಲಿವುಡ್ಡಿನ ಪ್ರತಿಯೊಂದು ಸ್ಟುಡಿಯೊ ಈ ಕಥೆಯನ್ನು ಹೀಗೆಯೇ ಮಾಡಿದೆ, ತನಗೆ ಬೇಸರ ಬಂದಿದೆ ಎಂಬುದು ಅವನ ದೂರು. ಹುಡುಗಿ ಅದಕ್ಕೆ ದನಿಗೂಡಿಸುತ್ತಾಳೆ. ಹಾಸಿಗೆಯಲ್ಲಿದ್ದ ಅಜ್ಜಿಯೂ ಸುಮ್ಮನಿರುವುದಿಲ್ಲ. ಮೂವರ ಒತ್ತಾಯಕ್ಕೆ ಮಣಿದ ನಿರೂಪಕ ಕಥೆಯನ್ನು ಹೊಸ ರೀತಿಯಲ್ಲಿ ಹೇಳಲು ಒಪ್ಪುತ್ತಾನೆ. ಆಗ ಚಿತ್ರದ ಶೀರ್ಷಿಕೆ ಮತ್ತೆ ಮೂಡಿ, ಕಥೆ ಎರಡನೆಯ ಸಲ ಆರಂಭವಾಗುತ್ತದೆ.

ಈ ಬಾರಿ ದೃಶ್ಯ ಹಾಲಿವುಡ್ಡಿನ ರಾತ್ರಿ. ಬೀದಿಗಳಲ್ಲಿ ದೀಪಗಳು ಥಳಥಳಿಸುತ್ತಿವೆ. ಟಕ್ಸೀಡೊ ತೊಟ್ಟ ತೋಳ ಅಸಾಧ್ಯ ಉದ್ದದ ಕಾರಿನಲ್ಲಿ ಬಂದು ನೈಟ್‌ಕ್ಲಬ್ ಹೊಗುತ್ತಾನೆ. ವೇದಿಕೆಯ ಮೇಲೆ ರೆಡ್ ಕಾಣಿಸಿಕೊಳ್ಳುತ್ತಾಳೆ. ಬುಟ್ಟಿ ಹಿಡಿದು, ಮೇಲಂಗಿ ಹೊದ್ದು ಹಳೆಯ ಕಥೆಯ ಹುಡುಗಿಯಂತೆಯೇ ಬಂದವಳು ಮೇಲಂಗಿಯನ್ನು ಕಳಚಿ ಕೆಂಪು ನೃತ್ಯದುಡುಪಿನಲ್ಲಿ ಹಾಡತೊಡಗುತ್ತಾಳೆ. ಅವಳ ಹಾಡಿನುದ್ದಕ್ಕೂ ತೋಳನ ಸ್ಥಿತಿ ನೋಡುವಂತಿರುತ್ತದೆ. ಅವನು ಊಳಿಡುತ್ತಾನೆ, ಶಿಳ್ಳೆ ಹಾಕುತ್ತಾನೆ, ಮೇಜು ಗುದ್ದುತ್ತಾನೆ, ಎರಡು ಕೈ ಸಾಲದೆಂದು ಚಪ್ಪಾಳೆ ತಟ್ಟುವುದಕ್ಕೂ ಯಂತ್ರವನ್ನು ಹೂಡುತ್ತಾನೆ.

ಹಾಡು ಮುಗಿದ ಕೂಡಲೇ ಅವಳನ್ನು ತನ್ನ ಮೇಜಿಗೆ ಎಳೆದುಕೊಂಡು, ಫ್ರೆಂಚ್ ಪ್ರಣಯನಾಯಕನ ದನಿಯಲ್ಲಿ ಪ್ರೇಮ ನಿವೇದಿಸುತ್ತಾನೆ. ರೆಡ್ ಅವನನ್ನು ನಿರಾಕರಿಸಿ, ಅಜ್ಜಿಯ ಮನೆಗೆ ಹೊರಟೆನೆಂದು ತಪ್ಪಿಸಿಕೊಳ್ಳುತ್ತಾಳೆ. ತೋಳ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪುತ್ತಾನೆ. ಅಜ್ಜಿಯ ವಾಸ ಈಗ ಕಾಡಿನ ಗುಡಿಸಲಲ್ಲಲ್ಲ, ನಿಯಾನ್ ದೀಪದ ಫಲಕ ಹೊತ್ತ ಗಗನಚುಂಬಿ ಕಟ್ಟಡದ ತುತ್ತತುದಿಯ ಮಹಡಿಯಲ್ಲಿ. ತೋಳನನ್ನು ಕಂಡೊಡನೆ ಅಜ್ಜಿಗೆ ಅವನ ಮೇಲೆ ಮೋಹ ಉಕ್ಕುತ್ತದೆ. ಅಲ್ಲಿಂದ ಮುಂದೆ ಪಾತ್ರಗಳು ಅದಲುಬದಲಾಗುತ್ತವೆ. ಕ್ಲಬ್ಬಿನಲ್ಲಿ ತೋಳ ರೆಡ್‌ಗೆ ಏನು ಮಾಡಲು ಹವಣಿಸಿದ್ದನೋ ಅದನ್ನೇ ಅಜ್ಜಿ ಅವನಿಗೆ ಮಾಡಲು ಹೊರಡುತ್ತಾಳೆ. ಬಾಗಿಲಿನಿಂದ ಬಾಗಿಲಿಗೆ ಓಡಿದ ತೋಳ ಕೊನೆಗೆ ಕಿಟಕಿಯಿಂದ ಹಾರಿ ತಪ್ಪಿಸಿಕೊಳ್ಳುತ್ತಾನೆ.

ಅಂತಿಮ ದೃಶ್ಯದಲ್ಲಿ ಮೈತುಂಬ ಬ್ಯಾಂಡೇಜು ಸುತ್ತಿಕೊಂಡ ತೋಳ ಮತ್ತೆ ಕ್ಲಬ್ಬಿನಲ್ಲಿ ಕುಳಿತಿದ್ದಾನೆ. ಇನ್ನು ಹೆಣ್ಣುಗಳ ಸಹವಾಸ ಸಾಕು, ಇನ್ನೊಬ್ಬಳ ಕಡೆಗೆ ನೋಡುವ ಮೊದಲು ಪ್ರಾಣ ಬಿಟ್ಟೇನು ಎಂದು ಶಪಥ ಮಾಡುತ್ತಾನೆ. ಅಷ್ಟರಲ್ಲಿ ರೆಡ್ ವೇದಿಕೆಗೆ ಬರುತ್ತಾಳೆ. ತೋಳ ಮಾತಿಗೆ ತಪ್ಪದೆ ಪಿಸ್ತೂಲು ತೆಗೆದು ತನಗೆ ತಾನೇ ಗುಂಡು ಹಾರಿಸಿಕೊಳ್ಳುತ್ತಾನೆ. ಕೆಳಗೆ ಬಿದ್ದ ದೇಹದಿಂದ ಮೇಲೆದ್ದ ಅವನ ಭೂತ ಮೊದಲಿನಂತೆಯೇ ಊಳಿಡುತ್ತ ಶಿಳ್ಳೆ ಹಾಕುತ್ತದೆ.

ತಯಾರಿಕೆ

ರೆಡ್ ಪಾತ್ರದ ಚಲನೆಯನ್ನು ರಚಿಸಿದವರು ಪ್ರೆಸ್ಟನ್ ಬ್ಲೇರ್ (೧೯೦೮–೧೯೯೫). ಎಂಜಿಎಂಗೆ ಬರುವ ಮೊದಲು ಅವರು ಡಿಸ್ನಿ ಸಂಸ್ಥೆಯಲ್ಲಿದ್ದು, ಫ್ಯಾಂಟೇಸಿಯಾ (೧೯೪೦) ಚಿತ್ರದಲ್ಲಿ ನೀರಾನೆಯ ಬ್ಯಾಲೆ ನೃತ್ಯದ ಮೇಲೆ ಕೆಲಸ ಮಾಡಿದ್ದರು. ಟನ್ನುಗಟ್ಟಲೆ ತೂಕದ ಪ್ರಾಣಿಯನ್ನು ಹಗುರವಾಗಿ ಕುಣಿಸಿದ ಕೈಯೇ ಇಲ್ಲಿ ಗಾಯಕಿಯ ನಡಿಗೆಯನ್ನೂ ತಿರುವುಗಳನ್ನೂ ಬರೆದಿದೆ. ಮನುಷ್ಯರ ಚಲನೆಯನ್ನು ತೋರಿಸಬೇಕಾದಾಗ, ನಟರನ್ನು ಮೊದಲು ಚಿತ್ರೀಕರಿಸಿ ಆ ಫ್ರೇಮುಗಳ ಮೇಲೆ ಗೆರೆ ಎಳೆಯುವ ರೋಟೊಸ್ಕೋಪ್ ವಿಧಾನ ಆಗ ಬಳಕೆಯಲ್ಲಿತ್ತು. ಬ್ಲೇರ್ ರೆಡ್‌ಗಾಗಿ ಆ ವಿಧಾನವನ್ನು ಅವಲಂಬಿಸಲಿಲ್ಲ. ಹೀಗಾಗಿ ಅವಳ ಚಲನೆ ನೈಜವೆನಿಸಿದರೂ ಪಡಿಯಚ್ಚಿನ ಬಿಗಿತ ಅದರಲ್ಲಿಲ್ಲ. ಮುಂದೆ ಬ್ಲೇರ್ ಬರೆದ ಆನಿಮೇಷನ್ ಕೈಪಿಡಿ ಹಲವು ತಲೆಮಾರುಗಳ ಕಲಾವಿದರಿಗೆ ಪಠ್ಯವಾಯಿತು. ವ್ಯಂಗ್ಯಚಿತ್ರ ಕಲಿಯುವ ವಿದ್ಯಾರ್ಥಿಗಳು ಇಂದಿಗೂ ಅದನ್ನು ಬಳಸುತ್ತಾರೆ.

ಚಿತ್ರದಲ್ಲಿ ಎರಡು ಬಗೆಯ ಚಲನೆಗಳು ಪಕ್ಕಪಕ್ಕದಲ್ಲಿವೆ. ರೆಡ್ ಮನುಷ್ಯಳಂತೆ, ಲಯಬದ್ಧವಾಗಿ ಚಲಿಸುತ್ತಾಳೆ. ತೋಳನ ದೇಹಕ್ಕೆ ಯಾವ ಭೌತನಿಯಮವೂ ಅನ್ವಯಿಸುವುದಿಲ್ಲ. ನಗೆ ಹುಟ್ಟುವುದು ಈ ಅಂತರದಲ್ಲಿ. ರೆಡ್‌ಳನ್ನೂ ವಿಕಾರವಾಗಿ ಬರೆದಿದ್ದರೆ ತೋಳನ ಹುಚ್ಚಾಟಕ್ಕೆ ಕಾರಣವೇ ಇರುತ್ತಿರಲಿಲ್ಲ, ತೋಳನನ್ನು ನೈಜವಾಗಿ ಬರೆದಿದ್ದರೆ ದೃಶ್ಯ ಅಸಹ್ಯವಾಗುತ್ತಿತ್ತು. ವೇಗವೂ ಏವರಿಯವರ ಮುಖ್ಯ ಸಾಧನ. ಸೆಕೆಂಡಿಗೆ ೨೪ ಫ್ರೇಮುಗಳು ಓಡುವ ಚಿತ್ರದಲ್ಲಿ, ಒಂದು ಕ್ರಿಯೆಯನ್ನು ಕಣ್ಣು ಗ್ರಹಿಸಲು ಐದು ಫ್ರೇಮುಗಳು ಸಾಕೆಂಬುದು ಅವರ ನಂಬಿಕೆಯಾಗಿತ್ತು. ಅಂದರೆ ಸೆಕೆಂಡಿನ ಐದನೆಯ ಒಂದು ಭಾಗ. ಒಂದು ಹಾಸ್ಯಕ್ಕೆ ನಕ್ಕು ಮುಗಿಸುವ ಮೊದಲೇ ಮುಂದಿನದು ಬಂದುಬಿಡುವುದು ಇದರಿಂದಲೇ.

ಧ್ವನಿ ಮತ್ತು ಸಂಗೀತ

ತೋಳನಿಗೆ ಫ್ರಾಂಕ್ ಗ್ರಹಾಂ ದನಿ ನೀಡಿದ್ದಾರೆ. ರೆಡ್ ಮಾತುಗಳು ಸಾರಾ ಬರ್ನರ್ ಅವರವು. ತೋಳನ ಪ್ರಣಯ ಸಂಭಾಷಣೆ ಫ್ರೆಂಚ್ ನಟ ಷಾರ್ಲ್ ಬ್ವಾಯೇ ಅವರ ಉಚ್ಚಾರದ ಅನುಕರಣೆ. ಅವರು ನಾಯಕನಾಗಿದ್ದ ಆಲ್ಜಿಯರ್ಸ್ (೧೯೩೮) ಚಿತ್ರವನ್ನು ಅಂದಿನ ಪ್ರೇಕ್ಷಕರು ಕೂಡಲೇ ನೆನಪಿಸಿಕೊಳ್ಳಬಲ್ಲವರಾಗಿದ್ದರು. ರೆಡ್ ಉತ್ತರ ಕೊಡುವಾಗ ಕ್ಯಾಥರೀನ್ ಹೆಪ್‌ಬರ್ನ್ ಅವರ ಮಾತಿನ ಧಾಟಿ ಕೇಳಿಸುತ್ತದೆ. ಹೀಗೆ ಕಿನ್ನರಕಥೆಯ ಜೊತೆಗೆ ಹಾಲಿವುಡ್ಡಿನ ಪ್ರಣಯಚಿತ್ರಗಳೂ ಅಣಕಕ್ಕೆ ಒಳಗಾಗಿವೆ. ವೇದಿಕೆಯಲ್ಲಿ ರೆಡ್ ಹಾಡುವುದು ಬಾಬಿ ಟ್ರೂಪ್ ೧೯೪೧ರಲ್ಲಿ ರಚಿಸಿದ ‘ಡ್ಯಾಡಿ’ ಎಂಬ ಜನಪ್ರಿಯ ಗೀತೆ.

ಸೆನ್ಸಾರ್ ಮತ್ತು ಕೈಬಿಟ್ಟ ಅಂತ್ಯ

ಅಮೆರಿಕದ ಚಿತ್ರೋದ್ಯಮ ತನಗೆ ತಾನೇ ವಿಧಿಸಿಕೊಂಡಿದ್ದ, ಹೇಸ್ ಸಂಹಿತೆ ಎಂದು ಕರೆಯಲಾಗುವ ನಿಯಮಾವಳಿ ೧೯೩೪ರಿಂದ ಕಟ್ಟುನಿಟ್ಟಾಗಿ ಜಾರಿಯಲ್ಲಿತ್ತು. ವ್ಯಂಗ್ಯಚಿತ್ರಗಳೂ ಅದಕ್ಕೆ ಹೊರತಾಗಿರಲಿಲ್ಲ. ಫ್ಲೈಷರ್ ಸ್ಟುಡಿಯೊದ ಬೆಟ್ಟಿ ಬೂಪ್ ಪಾತ್ರದ ಉಡುಪು ಉದ್ದವಾಗಿ, ಅವಳು ಗೃಹಸ್ಥ ಯುವತಿಯಾಗಿ ಮಾರ್ಪಟ್ಟದ್ದು ಈ ಸಂಹಿತೆಯ ಕಾಲದಲ್ಲೇ. ಇಂತಹ ಕಾವಲಿನ ನಡುವೆ ರೆಡ್ ಪಾತ್ರ ತೆರೆಗೆ ಬರಲು ಸಾಧ್ಯವಾದದ್ದು ತೋಳನಿಂದ. ನಟನೊಬ್ಬ ತೆರೆಯ ಮೇಲೆ ತೋರಿಸಲಾಗದ ಕಾಮನೆಯನ್ನು ಪ್ರಾಣಿಯ ದೇಹ ಮೇಜು ಗುದ್ದಿ, ಊಳಿಟ್ಟು, ಯಂತ್ರ ತಿರುಗಿಸಿ ತೋರಿಸಿತು. ಹಾಗಿದ್ದರೂ ಚಿತ್ರಕ್ಕೆ ಕತ್ತರಿ ತಪ್ಪಲಿಲ್ಲ. ತೋಳನ ಕೆಲವು ಪ್ರತಿಕ್ರಿಯೆಗಳನ್ನು ಮೊಟಕುಗೊಳಿಸಬೇಕಾಯಿತೆಂದೂ, ಯುದ್ಧರಂಗದಲ್ಲಿದ್ದ ಸೈನಿಕರಿಗೆ ತೋರಿಸಲು ಕತ್ತರಿಸದ ಪ್ರತಿಗಳೇ ಬೇಕೆಂದು ಸೇನೆಯಿಂದ ಬೇಡಿಕೆ ಬಂದಿತೆಂದೂ ಏವರಿ ಮುಂದೆ ನೆನಪಿಸಿಕೊಂಡಿದ್ದಾರೆ. ಚಿತ್ರ ಸೈನಿಕರ ನಡುವೆ ಅತ್ಯಂತ ಜನಪ್ರಿಯವಾಗಿತ್ತು.

ಚಿತ್ರಕ್ಕೆ ಮೊದಲು ಯೋಜಿಸಿದ್ದ ಅಂತ್ಯ ಬೇರೆಯೇ ಆಗಿತ್ತು. ಅದರಲ್ಲಿ ಅಜ್ಜಿ ಬಂದೂಕು ಹಿಡಿದು ತೋಳನನ್ನು ಬಲವಂತವಾಗಿ ಮದುವೆಯಾಗುತ್ತಾಳೆ. ನಂತರ ತೋಳ, ಅಜ್ಜಿ ಮತ್ತು ಅವರ ಅರೆಮನುಷ್ಯ ಅರೆತೋಳದ ಮಕ್ಕಳು ಒಟ್ಟಿಗೆ ಕ್ಲಬ್ಬಿಗೆ ಬಂದು ರೆಡ್ ಹಾಡನ್ನು ನೋಡುತ್ತಾರೆ. ಮನುಷ್ಯ ಮತ್ತು ಪ್ರಾಣಿಯ ಸಂಬಂಧದ ಸೂಚನೆ, ವಿವಾಹವನ್ನು ಹಗುರವಾಗಿ ಕಂಡದ್ದು ಇವೆರಡೂ ಸಂಹಿತೆಗೆ ವಿರುದ್ಧವಾಗಿದ್ದುದರಿಂದ ಈ ಅಂತ್ಯವನ್ನು ಕೈಬಿಡಲಾಯಿತು. ಅದರ ಜಾಗಕ್ಕೆ ಬಂದ ಆತ್ಮಹತ್ಯೆ ಮತ್ತು ಭೂತದ ಹಾಸ್ಯ ಇಂದಿನ ಕಣ್ಣಿಗೆ ಕೈಬಿಟ್ಟದ್ದಕ್ಕಿಂತ ಕಠೋರವಾಗಿ ಕಾಣಬಹುದು. ಅಂದಿನ ಪರಿಶೀಲಕರಿಗೆ ಅದು ಆಕ್ಷೇಪಾರ್ಹವೆನಿಸಲಿಲ್ಲ.

ವಿಮರ್ಶೆ

ಚಿತ್ರದ ಬಗೆಗಿನ ಚರ್ಚೆ ಸಾಮಾನ್ಯವಾಗಿ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ: ಇಲ್ಲಿ ನಗೆಗೆ ಈಡಾಗುವವರು ಯಾರು? ರೆಡ್ ನೋಟಕ್ಕೆ ಒಡ್ಡಿದ ಹೆಣ್ಣಾಗಿ ರೂಪುಗೊಂಡಿದ್ದಾಳೆ ಎಂಬುದು ನಿಜ. ಹಾಡಿನ ದೃಶ್ಯದಲ್ಲಿ ಕ್ಯಾಮೆರಾ ತೋಳನ ಕಣ್ಣನ್ನೇ ಎರವಲು ಪಡೆಯುತ್ತದೆ. ಆದರೆ ಚಿತ್ರದುದ್ದಕ್ಕೂ ಸೋಲುವವನು, ಸಣ್ಣವನಾಗುವವನು ತೋಳ. ರೆಡ್ ಒಮ್ಮೆಯೂ ಅವನ ಕೈಗೆ ಸಿಕ್ಕಿಬೀಳುವುದಿಲ್ಲ, ಅವಳನ್ನು ರಕ್ಷಿಸಲು ಗ್ರಿಮ್ ಸಹೋದರರ ಬೇಟೆಗಾರನ ಅಗತ್ಯವೂ ಬೀಳುವುದಿಲ್ಲ. ಅಜ್ಜಿಯ ಮನೆಯ ಪ್ರಸಂಗ ಬೆನ್ನಟ್ಟುವವನಿಗೆ ಬೆನ್ನಟ್ಟಿಸಿಕೊಳ್ಳುವ ಅನುಭವವನ್ನು ಕೊಡುತ್ತದೆ. ಆದರೂ ವಯಸ್ಸಾದ ಹೆಣ್ಣಿನ ಬಯಕೆಯೇ ಅಲ್ಲಿ ನಗೆಯ ವಸ್ತು ಎಂಬುದನ್ನು ಗಮನಿಸದಿರಲಾಗದು. ಈ ಎರಡು ಓದುಗಳಲ್ಲಿ ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಅಣಕದ ದೃಷ್ಟಿಯಿಂದ ಆರಂಭದ ಜಗಳವೇ ಚಿತ್ರದ ಅತ್ಯಂತ ಮಹತ್ವದ ಭಾಗ. ಹೆಚ್ಚಿನ ಅಣಕುಗಳಲ್ಲಿ ಕಥೆಯನ್ನು ಬದಲಿಸುವವನು ಕಥೆಗಾರ. ಇಲ್ಲಿ ಪಾತ್ರಗಳೇ ಬಂಡೆದ್ದು ಕಥೆಗಾರನನ್ನು ಬದಲಾಗುವಂತೆ ಮಾಡುತ್ತವೆ. ತಮ್ಮನ್ನು ಎಷ್ಟು ಸಲ ಹೀಗೆ ದುಡಿಸಿಕೊಳ್ಳಲಾಗಿದೆ ಎಂಬ ಅರಿವು ಅವುಗಳಿಗಿದೆ. ವಿಶೇಷವೆಂದರೆ, ಹೊಸ ಕಥೆಯಲ್ಲಿಯೂ ಅವು ಹಳೆಯ ಕಥೆಯ ದಾರಿಯನ್ನೇ ಹಿಡಿಯುತ್ತವೆ. ಹುಡುಗಿ ಅಜ್ಜಿಯ ಮನೆಗೆ ಹೊರಡುತ್ತಾಳೆ, ತೋಳ ಅವಳಿಗಿಂತ ಮೊದಲು ತಲುಪುತ್ತಾನೆ. ಮೂಲಕಥೆಯ ಎಲುಬುಗೂಡು ಹಾಗೆಯೇ ಉಳಿದಿರುವುದರಿಂದ, ಅಜ್ಜಿ ತೋಳನ ಮೇಲೆ ಎರಗಿದಾಗ ತಿರುವಿನ ಪೆಟ್ಟು ಸರಿಯಾಗಿ ಬೀಳುತ್ತದೆ. ಕಥೆ ಗೊತ್ತಿಲ್ಲದವರಿಗೆ ಅದು ಬರಿಯ ಓಟದಾಟ ಮಾತ್ರ.

ಮುಂದಿನ ಚಿತ್ರಗಳು

ಯಶಸ್ಸಿನ ಫಲವಾಗಿ ಏವರಿ ರೆಡ್ ಮತ್ತು ತೋಳನನ್ನು ಬೇರೆ ಚಿತ್ರಗಳಲ್ಲಿಯೂ ಬಳಸಿದರು. ಇವುಗಳಲ್ಲಿ ಅಣಕದ ದೃಷ್ಟಿಯಿಂದ ಎರಡು ಗಮನಾರ್ಹ. ಸ್ವಿಂಗ್ ಶಿಫ್ಟ್ ಸಿಂಡರೆಲ್ಲಾ (೧೯೪೫) ಚಿತ್ರದ ಆರಂಭದಲ್ಲಿ ತೋಳ ಪುಟ್ಟ ಕೆಂಪು ಟೋಪಿಯ ಹುಡುಗಿಯನ್ನು ಅಟ್ಟಿಸಿಕೊಂಡು ಬರುತ್ತಾನೆ. ಅಷ್ಟರಲ್ಲಿ ಇಬ್ಬರಿಗೂ ತಾವು ತಪ್ಪು ಚಿತ್ರದಲ್ಲಿದ್ದೇವೆ ಎಂಬುದು ತಿಳಿಯುತ್ತದೆ. ಈ ಸಿಂಡರೆಲ್ಲಾ ನಡುರಾತ್ರಿಗೆ ಮನೆಗೆ ಧಾವಿಸುವುದು ಮಂತ್ರದ ಅವಧಿ ಮುಗಿಯುತ್ತದೆಂದು ಮಾತ್ರವಲ್ಲ, ವಿಮಾನ ಕಾರ್ಖಾನೆಯಲ್ಲಿ ಅವಳ ರಾತ್ರಿಪಾಳಿ ಇರುತ್ತದೆ. ಯುದ್ಧಕಾಲದಲ್ಲಿ ಕಾರ್ಖಾನೆಗಳಿಗೆ ಹೋದ ಅಮೆರಿಕದ ಲಕ್ಷಾಂತರ ಮಹಿಳೆಯರ ಬದುಕನ್ನು ಕಿನ್ನರಕಥೆಯ ಗಡಿಯಾರಕ್ಕೆ ಜೋಡಿಸಿದ ಈ ಕಲ್ಪನೆ ಏವರಿಯವರ ಜಾಣ ತಿರುವುಗಳಲ್ಲಿ ಒಂದು. ಲಿಟಲ್ ರೂರಲ್ ರೈಡಿಂಗ್ ಹುಡ್ (೧೯೪೯) ಹಳ್ಳಿಯ ತೋಳ ಮತ್ತು ನಗರದ ತೋಳ ಎಂಬ ಇಬ್ಬರು ಸೋದರಸಂಬಂಧಿಗಳ ಕಥೆ. ನಗರದ ರೆಡ್‌ಳನ್ನು ಕಂಡು ಹಳ್ಳಿಯವನು ಹುಚ್ಚಾಗುತ್ತಾನೆ. ಅವನನ್ನು ಊರಿಗೆ ಬಿಡಲು ಬಂದ ನಯನಾಜೂಕಿನ ನಗರವಾಸಿ, ಹಳ್ಳಿಯ ಹುಡುಗಿಯನ್ನು ಕಂಡು ತಾನೇ ಹುಚ್ಚಾಗುತ್ತಾನೆ. ದಿ ಶೂಟಿಂಗ್ ಆಫ್ ಡ್ಯಾನ್ ಮೆಗೂ ಮತ್ತು ವೈಲ್ಡ್ ಆ್ಯಂಡ್ ವುಲ್ಫಿ (ಎರಡೂ ೧೯೪೫) ಇದೇ ಜೋಡಿಯನ್ನು ಕ್ರಮವಾಗಿ ಅಲಾಸ್ಕಾದ ಹಿನ್ನೆಲೆಗೂ ಪಶ್ಚಿಮದ ಕೌಬಾಯ್ ಹಿನ್ನೆಲೆಗೂ ಒಯ್ದವು. ೧೯೪೭ರ ಅಂಕಲ್ ಟಾಮ್ಸ್ ಕಬಾನಾದಲ್ಲಿ ಕಪ್ಪು ಜನರ ಅವಹೇಳನಕಾರಿ ಚಿತ್ರಣವಿರುವುದರಿಂದ ಅದರ ಪ್ರದರ್ಶನ ಅಪರೂಪ.

ಪ್ರಭಾವ

ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್ (೧೯೮೮) ಚಿತ್ರದ ನೈಟ್‌ಕ್ಲಬ್ ಗಾಯಕಿ ಜೆಸ್ಸಿಕಾ ರ‍್ಯಾಬಿಟ್ ಪಾತ್ರದ ಪೂರ್ವಜರಲ್ಲಿ ರೆಡ್ ಪ್ರಮುಖಳು. ಭಾರತದ ಪ್ರೇಕ್ಷಕರಿಗೆ ಹೆಚ್ಚು ಪರಿಚಿತವಾದದ್ದು ದಿ ಮಾಸ್ಕ್ (೧೯೯೪). ಅದರಲ್ಲಿ ಜಿಮ್ ಕ್ಯಾರಿಯ ಪಾತ್ರ ತನ್ನ ಕೋಣೆಯಲ್ಲಿ ಏವರಿಯವರ ಈ ಚಿತ್ರವನ್ನು ನೋಡುತ್ತದೆ. ಮುಂದೆ ಮುಖವಾಡ ಧರಿಸಿ ಕ್ಲಬ್ಬಿಗೆ ಹೋದಾಗ, ಗಾಯಕಿಯನ್ನು ಕಂಡ ಅವನ ತಲೆ ತೋಳನ ತಲೆಯಾಗಿ ಊಳಿಡುತ್ತದೆ. ಅರ್ಧ ಶತಮಾನದ ಹಿಂದೆ ಪೆನ್ಸಿಲಿನಿಂದ ಬರೆದ ಚೇಷ್ಟೆಗಳನ್ನು ಆ ಚಿತ್ರ ಕಂಪ್ಯೂಟರಿನ ನೆರವಿನಿಂದ ಸಜೀವ ನಟನ ಮೇಲೆ ಪುನರಾವರ್ತಿಸಿತು.

ಏವರಿ ೧೯೮೦ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿ ನಿಧನರಾದರು. ಎಂಜಿಎಂನ ಹಳೆಯ ಚಿತ್ರಸಂಗ್ರಹ ೧೯೮೬ರಲ್ಲಿ ಟೆಡ್ ಟರ್ನರ್ ಅವರ ಸಂಸ್ಥೆಗೂ, ೧೯೯೬ರ ವಿಲೀನದ ನಂತರ ವಾರ್ನರ್ ಬ್ರದರ್ಸ್ ಬಳಗಕ್ಕೂ ಸೇರಿತು. ಹೀಗೆ ಏವರಿ ಬಿಟ್ಟು ಬಂದ ಸಂಸ್ಥೆಯ ವಶಕ್ಕೇ ಅವರ ಎಂಜಿಎಂ ಚಿತ್ರಗಳೂ ಬಂದಂತಾಯಿತು. ೨೦೨೦ರಲ್ಲಿ ವಾರ್ನರ್ ಆರ್ಕೈವ್ ಹೊರತಂದ ಟೆಕ್ಸ್ ಏವರಿ ಸ್ಕ್ರೂಬಾಲ್ ಕ್ಲಾಸಿಕ್ಸ್ ಬ್ಲೂ-ರೇ ಸಂಪುಟದಲ್ಲಿ ರೆಡ್ ಹಾಟ್ ರೈಡಿಂಗ್ ಹುಡ್ ಸೇರಿದೆ.